ಬೋಧನೆ ಮುಗಿಸಿ ಮತ್ತೆ ಮಗ್ಗಕ್ಕೆ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ನೇಯ್ಗೆ ತರಬೇತಿ ಕೇಂದ್ರವೊಂದರಲ್ಲಿ ವೃತ್ತಿಜೀವನವಿಡೀ ಬೋಧಕಿಯಾಗಿದ್ದು, ಈ ಮೇ ಕೊನೆಗೆ 56 ತುಂಬಿ ನಿವೃತ್ತಳಾಗುತ್ತಿದ್ದೇನೆ. ಕೆಲಸಕ್ಕೆ ಸೇರುವ ಮುಂಚೆ ಮನೆಯಲ್ಲಿ ನೇಯುತ್ತಿದ್ದೆ. ಇನ್ನು ಕಲಿಸುವುದು ಸಾಕು, ನೇಯಬೇಕು ಎಂದು ಆಸೆ; ಅದರಲ್ಲೂ ಕಾಸರಗೋಡು ಸೀರೆ. ಆದರೆ ಇತ್ತೀಚೆಗೆ ಮಗ್ಗಕ್ಕೆ ಕುಳಿತರೆ ಹತ್ತು ನಿಮಿಷದಲ್ಲಿ ಎದ್ದುಬಿಡುತ್ತೇನೆ. ನೇಯ್ದ ಬಟ್ಟೆಯೂ ನನಗೇ ಒಪ್ಪಿಗೆಯಾಗುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯರು ನನಗಿಂತ ಚೆನ್ನಾಗಿ ನೇಯುತ್ತಾರೆ. ಕೈ ಮರೆತುಹೋಗಿದೆಯೇ? ಮನೆಗೆ ನೆಲ ತೋಡಿ ಕೂರಿಸುವ ಗುಂಡಿ ಮಗ್ಗ ಒಳ್ಳೆಯದೇ, ನೆಲದ ಮೇಲೆ ನಿಲ್ಲುವ ಚೌಕಟ್ಟಿನ ಮಗ್ಗವೇ? ಕೇಂದ್ರದವರು ವಾರಕ್ಕೆ ಎರಡು ದಿನ ಬಂದು ಪಾಠ ಮಾಡಿ ಎನ್ನುತ್ತಿದ್ದಾರೆ, ಒಪ್ಪಲೇ? ನೇಯ್ದದ್ದನ್ನು ಮಾರುವುದು ಹೇಗೆ?

ಉತ್ತರ: ಕೈ ಮರೆತಿಲ್ಲ. ಕಡಿದ ಎಳೆಗೆ ಮಾತಾಡುತ್ತಲೇ ಗಂಟು ಹಾಕುವ ಕೈ ಅದು, ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಹತ್ತು ನಿಮಿಷಕ್ಕೆ ಏಳುವುದನ್ನು ನೀವು ಇಷ್ಟು ವರ್ಷವೂ ಅಭ್ಯಾಸ ಮಾಡಿದ್ದೀರಿ. ಬೋಧಕಿಯ ಕೆಲಸವೇ ಅದು. ನಾಲ್ಕು ಇಂಚು ನೇಯ್ದು ತೋರಿಸುವುದು, ಅಷ್ಟರಲ್ಲಿ ಪಕ್ಕದ ಮಗ್ಗದಲ್ಲಿ ಅಡ್ಡ ಎಳೆ ಒಯ್ಯುವ ಲಾಳಿ ಹಾರಿ ನೆಲಕ್ಕೆ ಬಿದ್ದರೆ ಎದ್ದು ಹೋಗುವುದು, ಮತ್ತೊಬ್ಬಳ ಅಂಚು ಎಳೆದುಕೊಂಡಿದ್ದರೆ ಬಿಡಿಸಿ ಕೊಡುವುದು, ಮರಳಿ ಬಂದು ಇನ್ನೆರಡು ಇಂಚು. ಇಂಥ ದಿನಚರಿಯಲ್ಲಿ ನೀವು ಎಲ್ಲ ಬಗೆಯ ನೇಯ್ಗೆಯನ್ನೂ ತುಂಡು ತುಂಡಾಗಿ ಮಾಡಿದ್ದೀರಿ. ಒಂದೇ ಹಾಸನ್ನು, ಅಂದರೆ ಮಗ್ಗಕ್ಕೆ ಹೂಡಿದ ಉದ್ದದ ಎಳೆಗಳನ್ನು, ಮೊದಲಿನಿಂದ ಕೊನೆಯವರೆಗೆ ನೇಯ್ದು ಇಳಿಸಿದ್ದು ಯಾವಾಗ ಎಂದು ಒಮ್ಮೆ ಕೇಳಿಕೊಳ್ಳಿ. ನಿಮ್ಮ ವಿದ್ಯಾರ್ಥಿನಿಯರು ಚೆನ್ನಾಗಿ ನೇಯುವುದಕ್ಕೂ ಕಾರಣ ಇಷ್ಟೇ: ಕಲಿತು ಹೋದ ಮರುದಿನದಿಂದ ಅವರು ಮೀಟರುಗಟ್ಟಲೆ ನೇಯ್ದಿದ್ದಾರೆ. ನಿಮಗೆ ತಿಳಿಯದ್ದೇನೂ ಅವರಿಗೆ ತಿಳಿದಿಲ್ಲ.

ಸಹಕಾರ ಸಂಘಗಳಿಗೆ ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವ ಕೆಲಸ ನಾನು ಬಹಳ ಕಾಲ ಮಾಡಿದ್ದೇನೆ. ಎಲ್ಲೆಲ್ಲಿ ನೇಕಾರ ಎದ್ದು ಹೋಗಿದ್ದಾನೆ ಎಂಬುದನ್ನು ಬಟ್ಟೆ ಮುಚ್ಚಿಡುವುದಿಲ್ಲ. ಮಗ್ಗ ನಿಂತಾಗ ಬಿಗಿಯಾಗಿದ್ದ ಹಾಸು ನಿಧಾನವಾಗಿ ಸಡಿಲುತ್ತದೆ, ನೇಯ್ಗೆಯ ಬಾಯಿ, ಅಂದರೆ ಕೊನೆಯ ಹೊಕ್ಕು (ಅಡ್ಡ ಎಳೆ) ಕುಳಿತಿರುವ ಜಾಗ, ಕೂದಲೆಳೆಯಷ್ಟು ಸರಿಯುತ್ತದೆ. ಮರಳಿ ಕುಳಿತು ಹೊಕ್ಕನ್ನು ಒತ್ತುವ ಹಲಗೆಯನ್ನು ಬಡಿದಾಗ ಮೊದಲ ನಾಲ್ಕಾರು ಹೊಕ್ಕುಗಳು ಉಳಿದವಕ್ಕಿಂತ ಒತ್ತಾಗಿಯೋ ವಿರಳವಾಗಿಯೋ ಕೂರುತ್ತವೆ. ಬೆಳಕಿಗೆ ಹಿಡಿದರೆ ಅಡ್ಡಕ್ಕೆ ಒಂದು ಗೆರೆ. ಕಡು ಬಣ್ಣದ ಬಟ್ಟೆಯಲ್ಲಿ ಬೆಳಕಿಗೆ ಹಿಡಿಯುವುದೂ ಬೇಡ, ಹಾಗೆಯೇ ಕಾಣುತ್ತದೆ. ತರಬೇತಿ ಕೇಂದ್ರಗಳ ಬಟ್ಟೆಯಲ್ಲಿ ಇಂಥ ಗೆರೆಗಳು ಗೇಣಿಗೊಂದರಂತೆ ಇರುತ್ತವೆ, ವಿದ್ಯಾರ್ಥಿಗಳ ಮಗ್ಗದಲ್ಲೂ, ಬೋಧಕರ ಮಗ್ಗದಲ್ಲೂ. ನಿಮ್ಮ ಬಟ್ಟೆ ನಿಮಗೇ ಒಪ್ಪಿಗೆಯಾಗದಿರುವುದು ಬಹುಶಃ ಇದರಿಂದಲೇ. ಕಣ್ಣು ಪರೀಕ್ಷಕಿಯದು, ಅಭ್ಯಾಸ ಎದ್ದು ಓಡಾಡುವವಳದು.

ಆದ್ದರಿಂದ ಸೀರೆಯನ್ನು ಈಗಲೇ ಮುಟ್ಟಬೇಡಿ ಎಂದು ನಾನು ಹೇಳಿದರೆ ಬೇಸರಪಡಬೇಡಿ. ಮೊದಲು ಬೈರಾಸು, ಅಂದರೆ ಮೈ ಒರೆಸುವ ಟವೆಲ್, ನೇಯಿರಿ. ಬರಿಯ ಸಾದಾ ನೇಯ್ಗೆ, ಒಂದೇ ಬಣ್ಣ, ಉದ್ದದ ಹಾಸು. ಇಂಥದ್ದನ್ನು ಮೊದಲ ತಿಂಗಳಲ್ಲೇ ಕಲಿಸಿ ಮುಗಿಸಿದವರಿಗೆ ಇದು ಹಿಂಬಡ್ತಿಯಂತೆ ಕಾಣಬಹುದು. ಆದರೆ ಬೈರಾಸಿನ ಅಳತೆ ನಿಮ್ಮ ತೊಂದರೆಗೆ ಹೇಳಿ ಮಾಡಿಸಿದಂತಿದೆ. 30 ಇಂಚು ಅಗಲ, 60 ಇಂಚು ಉದ್ದ ಇಟ್ಟುಕೊಳ್ಳಿ. ಇಂಚಿಗೆ 36 ಹೊಕ್ಕು ಎಂದರೆ ಒಂದಕ್ಕೆ 2,160 ಸಲ ಲಾಳಿ ಓಡಬೇಕು. ನಿಮಿಷಕ್ಕೆ ಸರಾಸರಿ 30 ಹೊಕ್ಕು ಎಂಬ ಅವಸರವಿಲ್ಲದ ಲೆಕ್ಕದಲ್ಲಿ 72 ನಿಮಿಷ. ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಿಸುವುದು, ಕಡಿದ ಎಳೆ ಕೂಡಿಸುವುದು ಸೇರಿದರೆ ಹೆಚ್ಚು ಕಡಿಮೆ ಒಂದೂವರೆ ಗಂಟೆ. ಎರಡು ಬೈರಾಸುಗಳ ನಡುವೆ ಗೊಂಡೆಗೆಂದು ಹೊಕ್ಕಿಲ್ಲದ ಜಾಗ ಹೇಗೂ ಬಿಡುತ್ತೀರಿ. ಅಲ್ಲಿ ಎದ್ದರೆ ಗೆರೆ ಬೀಳುವ ಪ್ರಶ್ನೆಯೇ ಇಲ್ಲ. ಒಂದು ಕೂರುವಿಕೆಗೆ ಒಂದು ಬೈರಾಸು ಎಂಬುದು ನಿಮ್ಮ ಗುರಿಯಾಗಲಿ.

ಮೊದಲ ದಿನವೇ ಅದು ಆಗುವುದಿಲ್ಲ. ನಡುವೆ ಏಳುತ್ತೀರಿ, ಗೆರೆ ಬೀಳುತ್ತದೆ. ಎದ್ದ ಜಾಗದಲ್ಲಿ ಬಣ್ಣದ ಪಟ್ಟೆಯೊಂದನ್ನು ಹಾಕಿ ಗೆರೆಯನ್ನು ಮರೆಸುವ ಉಪಾಯ ನಿಮಗೆ ಗೊತ್ತು, ಹತ್ತಾರು ಜನರಿಗೆ ಹೇಳಿಕೊಟ್ಟಿರಲೂಬಹುದು. ಮೊದಲ ಹಾಸು ಮುಗಿಯುವವರೆಗೆ ಅದನ್ನು ಬಳಸಬೇಡಿ. ಗೆರೆ ಕಾಣುತ್ತಿರಲಿ. ಎರಡನೆಯ ಬೈರಾಸಿನಲ್ಲಿ ಐದು, ಏಳನೆಯದರಲ್ಲಿ ಎರಡು ಎಂದು ಇಳಿಯುತ್ತ ಹೋಗುವುದನ್ನು ನೋಡುವುದರಷ್ಟು ಧೈರ್ಯ ಕೊಡುವುದು ಬೇರೆ ಇಲ್ಲ. ಅನಿವಾರ್ಯವಾಗಿ ಏಳಬೇಕಾದಾಗ ತುಳಿಮಣೆಯಿಂದ ಕಾಲು ತೆಗೆದು ಎಳೆಗಳನ್ನು ಸಮಮಟ್ಟಕ್ಕೆ ತನ್ನಿ, ಹಾಸಿನ ಬಿಗಿ ಸ್ವಲ್ಪ ಇಳಿಸಿ. ಮರಳಿ ಕುಳಿತಾಗ ಬಿಗಿಯನ್ನು ಮೊದಲಿನಷ್ಟೇ ಏರಿಸಿ, ನೇಯ್ಗೆಯ ಬಾಯಿ ಎಲ್ಲಿದೆ ಎಂದು ಬೆರಳಲ್ಲಿ ಮುಟ್ಟಿ ನೋಡಿ, ಮೊದಲ ಮೂರು ಹೊಕ್ಕುಗಳನ್ನು ಹಗುರವಾಗಿ ಬಡಿಯಿರಿ. ಇದನ್ನೆಲ್ಲ ನೀವು ಪಾಠದಲ್ಲಿ ಹೇಳಿದ್ದೀರಿ, ನನಗೆ ಗೊತ್ತು. ಹೇಳಿದ್ದನ್ನು ದಿನಕ್ಕೆ ಎಂಟು ಸಲ ಮಾಡಿರುವುದಿಲ್ಲ, ಅಷ್ಟೇ.

ಇನ್ನೊಂದನ್ನು ನೀವು ಗಮನಿಸಿರಲಿಕ್ಕಿಲ್ಲ. ತೋರಿಸಿಕೊಡುವವರು ಎಲ್ಲವನ್ನೂ ದೊಡ್ಡದಾಗಿ ಮಾಡುತ್ತಾರೆ. ಹಿಂದಿನ ಸಾಲಿನಲ್ಲಿ ನಿಂತವರಿಗೂ ಕಾಣಬೇಕಲ್ಲ! ಲಾಳಿಯ ಹಗ್ಗವನ್ನು ಮಣಿಕಟ್ಟಿನ ಒಂದು ಸಣ್ಣ ಸೆಳೆತದಲ್ಲಿ ಎಳೆಯುವ ಬದಲು ಭುಜದಿಂದ ಎಳೆಯುತ್ತಾರೆ, ತುಳಿಮಣೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತುಳಿದು ಹಿಡಿಯುತ್ತಾರೆ, ಬಡಿಯುವಾಗ ಮೈಯನ್ನೂ ಮುಂದಕ್ಕೆ ಬಾಗಿಸುತ್ತಾರೆ. ಹತ್ತು ನಿಮಿಷಕ್ಕೆ ಇದು ಏನೂ ಅಲ್ಲ. ಎರಡು ಸಾವಿರ ಸಲ ಹೀಗೆ ಮಾಡಿದರೆ ಸಂಜೆ ಬಲಗೈ ಎತ್ತಲಾಗುವುದಿಲ್ಲ, ಆಗ ವಯಸ್ಸಾಯಿತು ಎಂದು ವಯಸ್ಸಿನ ಮೇಲೆ ದೂರು ಹಾಕುತ್ತೀರಿ. ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆದು ಒಂದು ಗಂಟೆ ಪಕ್ಕದಲ್ಲಿ ಕೂರಿಸಿ, ಅವಳು ನಿಮ್ಮ ಭುಜವನ್ನು ನೋಡಲಿ. ಅವಳಿಗೆ ಹೇಳಲು ಸಂಕೋಚವಾಗುತ್ತದೆ. ಒತ್ತಾಯ ಮಾಡಿ ಹೇಳಿಸಿ.

ಇನ್ನು ನೂಲು ಮತ್ತು ಮಳೆ. ನೀವು ಬಿಡುಗಡೆಯಾಗುವುದು ಮೇ ಕೊನೆಗೆ, ಮುಂಗಾರು ಬರುವುದೂ ಆಗಲೇ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ನೇಯಲು ಇದು ಒಳ್ಳೆಯ ಕಾಲ, ಗಂಜಿ ಹಾಕಲು ಕೆಟ್ಟ ಕಾಲ. ಹತ್ತಿಯ ನೂಲು ತೇವದಲ್ಲಿ ಬಲಗೊಳ್ಳುತ್ತದೆ. ಬೇಸಿಗೆಯ ಒಣ ಮಧ್ಯಾಹ್ನ ಪಟಪಟನೆ ಕಡಿಯುವ ಎಳೆ ಮಳೆ ಸುರಿಯುವ ಆಟಿಯ ತಿಂಗಳಲ್ಲಿ ಸುಮ್ಮನಿರುತ್ತದೆ. ಆದರೆ ಒಂಟಿ ಎಳೆಯ ನೂಲಿಗೆ ಗಂಜಿ ಬೇಕೇ ಬೇಕು. ಹಾಸನ್ನು ಉದ್ದಕ್ಕೆ ಚಾಚಿ ಕಟ್ಟಿ, ಅಕ್ಕಿಯ ಗಂಜಿಗೆ ತುಸು ತೆಂಗಿನ ಎಣ್ಣೆ ಬೆರೆಸಿ ಕುಂಚದಲ್ಲಿ ಎಳೆ ಎಳೆಗೂ ಹಚ್ಚಿ ಒಣಗಿಸಲು ಬಿಸಿಲಿನ ಬೆಳಗು ಬೇಕು. ಜುಲೈಯಲ್ಲಿ ಅದು ಎಲ್ಲಿ ಸಿಗುತ್ತದೆ? ಅರೆ ಒಣಗಿದ ಹಾಸನ್ನು ಉರುಳೆಗೆ ಸುತ್ತಿಟ್ಟರೆ ವಾರದೊಳಗೆ ಬೂಸಲು ಹಿಡಿಯುತ್ತದೆ.

ಅದಕ್ಕೇ ಮೊದಲ ಹಾಸಿಗಾಗಿ ಎರಡೆಳೆ ಹುರಿ ಮಾಡಿದ ನೂಲು ತೆಗೆದುಕೊಳ್ಳಿ, 40 ನಂಬರಿನದು. ನಂಬರು ಏರಿದಷ್ಟೂ ನೂಲು ಸಣ್ಣ. ಎರಡೆಳೆ ಸೇರಿದಾಗ ಅದು 20 ನಂಬರಿನ ದಪ್ಪಕ್ಕೆ ಬರುತ್ತದೆ, ಗಂಜಿಯಿಲ್ಲದೆ ನೇಯಬಹುದು. ಹಣಿಗೆ, ಅಂದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆ, 36 ನಂಬರಿನದಿರಲಿ: ಎರಡು ಇಂಚಿಗೆ 36 ಮನೆ. ಮನೆಗೆ ಎರಡೆಳೆಯಂತೆ ಪೋಣಿಸಿದರೆ ಇಂಚಿಗೆ 36 ಎಳೆ, 30 ಇಂಚಿಗೆ 1,080. ಅಂಚುಗಳ ಜೋಡಿ ಎಳೆ ಬೇರೆ. 20 ಮೀಟರ್ ಹಾಸಿಗಾಗಿ ಸುಮಾರು 640 ಗ್ರಾಂ ನೂಲು, ಹನ್ನೆರಡು ಬೈರಾಸುಗಳ ಹೊಕ್ಕಿಗೆ 600 ಗ್ರಾಂ. ಅಂಚು, ಪೋಲು ಎಲ್ಲ ಸೇರಿಸಿ ಒಂದೂವರೆ ಕಿಲೋ ಇದ್ದರೆ ಧಾರಾಳ. ಒಂದು ಬೈರಾಸಿಗೆ ಬೇಕಾಗುವಷ್ಟು ಕಂಡಿಕೆಗಳನ್ನು ಕೂರುವ ಮೊದಲೇ ಸುತ್ತಿ ಬುಟ್ಟಿಯಲ್ಲಿಟ್ಟುಕೊಳ್ಳಿ, ಕಂಡಿಕೆ ತೀರಿತು ಎಂಬ ನೆಪ ಏಳಲು ಸಿಗದಂತೆ.

ಮಗ್ಗದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಚೌಕಟ್ಟಿನ ಮಗ್ಗ. ಗುಂಡಿ ಮಗ್ಗದ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ನೆಲಕ್ಕೆ ಹತ್ತಿರವಿದ್ದು ಹಾಸು ತಂಪಾಗಿರುತ್ತದೆ, ಮಗ್ಗ ಅಲುಗುವುದಿಲ್ಲ, ಸಣ್ಣ ನೂಲಿಗೆ ಅದು ಹಿತ. ಕಾಸರಗೋಡು ಸೀರೆ ಬೆಳೆದದ್ದೂ ಗುಂಡಿ ಮಗ್ಗದಲ್ಲೇ. ಆದರೆ ನಮ್ಮ ಮುರಕಲ್ಲಿನ ನೆಲದಲ್ಲಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ಒಸರು ಬರದೆ ಇರುವುದು ಅದೃಷ್ಟದ ಮಾತು. ಮೇಲಾಗಿ ದಿನಕ್ಕೆ ನಾಲ್ಕು ಸಲ ಗುಂಡಿಗೆ ಇಳಿದು ಹತ್ತುವ ಮಂಡಿ ಇನ್ನು ಹದಿನೈದು ವರ್ಷ ಹೀಗೆಯೇ ಇರುತ್ತದೆಯೇ? ಚೌಕಟ್ಟಿನ ಮಗ್ಗದಲ್ಲಿ, ಹಗ್ಗ ಎಳೆದು ಓಡಿಸುವ ಲಾಳಿಯೊಂದಿಗೆ ನೇಯುವ ಕ್ರಮ ಈ ಕರಾವಳಿಗೆ ಹೊಸತೇನಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆದದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ. ಹಳೆಯ ಚೌಕಟ್ಟಿನ ಮಗ್ಗಗಳು ಸಂಘಗಳ ಮೂಲೆಗಳಲ್ಲಿ ಬಿದ್ದಿವೆ, ವಿಚಾರಿಸಿ. ಮರದ ಭಾಗ ಎಷ್ಟು ಹಳೆಯದಾದರೂ ಚಿಂತೆಯಿಲ್ಲ. ಹಣಿಗೆ ಮಾತ್ರ ಹೊಸದು ತೆಗೆದುಕೊಳ್ಳಿ, ಅದೂ ತುಕ್ಕು ಹಿಡಿಯದ ಉಕ್ಕಿನದು. ಕಡಲ ಗಾಳಿಗೆ ಸಾಮಾನ್ಯ ಉಕ್ಕಿನ ಹಲ್ಲುಗಳು ಒಂದು ಮಳೆಗಾಲದಲ್ಲಿ ಕಂದಿ, ಬಿಳಿಯ ಹಾಸಿನ ಮೇಲೆ ಉದ್ದಕ್ಕೂ ಕಲೆ ಬಿಡುತ್ತವೆ. ಕೂರುವ ಮಣೆಯ ಎತ್ತರವನ್ನು ನಿಮ್ಮ ಸೊಂಟಕ್ಕೆ ತಕ್ಕಂತೆ ಬಡಗಿಯಿಂದ ಸರಿಮಾಡಿಸಿ. ಮೊಣಕೈ ಬಟ್ಟೆಯ ಮಟ್ಟಕ್ಕಿಂತ ಸ್ವಲ್ಪ ಮೇಲಿರಬೇಕು.

ಕನ್ನಡಕ: ದೂರ, ಹತ್ತಿರ ಎರಡನ್ನೂ ಒಂದೇ ಗಾಜಿನಲ್ಲಿ ತೋರಿಸುವ ಕನ್ನಡಕದಲ್ಲಿ ಹಣಿಗೆ ಪೋಣಿಸಲು ಹೋಗಬೇಡಿ, ಕತ್ತು ನೋಯುತ್ತದೆ. ಕಣ್ಣಿನಿಂದ ನೇಯ್ಗೆಯ ಬಾಯಿಗೆ ಇರುವ ದೂರವನ್ನು ಟೇಪಿನಲ್ಲಿ ಅಳೆದು, ಆ ದೂರಕ್ಕೆಂದೇ ಒಂಟಿ ಪವರಿನ ಕನ್ನಡಕ ಬರೆಸಿಕೊಳ್ಳಿ.

ಈಗ ನಿಮ್ಮ ಸೀರೆ. ಕಾಸರಗೋಡು ಸೀರೆಗೆ ಬಳಸುವುದು 60ರಿಂದ 100 ನಂಬರಿನವರೆಗಿನ ಹತ್ತಿಯ ನೂಲು, ಬೇಗ ಮಾಸದ ವ್ಯಾಟ್ ಬಣ್ಣ, ಒಂಟಿ ಎಳೆಗೆ ಗಂಜಿ, ಅಂಚಿನ ಚಿತ್ತಾರಕ್ಕೆ ಮಗ್ಗದ ಮೇಲೆ ಕೂರಿಸುವ ಡಾಬಿ ಅಥವಾ ಜಕಾರ್ಡ್ ಸಾಧನ. 48 ಇಂಚು ಅಗಲಕ್ಕೆ ಇಂಚಿಗೆ 80 ಎಳೆ ಎಂದು ಹಿಡಿದರೆ 3,840 ಎಳೆ, ಪ್ರತಿಯೊಂದೂ ಹೀಲ್ಡಿನ (ಎಳೆಯನ್ನು ಎತ್ತಿ ಇಳಿಸುವ ದಾರದ) ಕಣ್ಣು ದಾಟಿ ಹಣಿಗೆಯ ಮನೆ ಸೇರಬೇಕು. ಇಂಚಿಗೆ 76 ಹೊಕ್ಕು ಎಂದರೂ ಐದೂವರೆ ಮೀಟರಿಗೆ ಹದಿನಾರು ಸಾವಿರ ಮೀರುತ್ತದೆ. ಬೈರಾಸಿನಲ್ಲಿ ಗೇಣಿಗೊಂದು ಗೆರೆ ಬಿಡುವವರು ಇದಕ್ಕೆ ಕೈಹಾಕಿದರೆ ನೂಲೂ ಹಾಳು, ಮನಸ್ಸೂ ಹಾಳು. ಒಂದು ಮಳೆಗಾಲ ಪೂರ್ತಿ ಬೈರಾಸು, ನಂತರ ಮುಂಡಿನ ಅಗಲಕ್ಕೆ ಒಂದು ಹಾಸು, ಡಿಸೆಂಬರಿನ ಒಣಹವೆಯಲ್ಲಿ ಗಂಜಿ ಹಾಕಿ ಸೀರೆಯ ಹಾಸು: ಈ ಕ್ರಮದಲ್ಲಿ ಹೋದರೆ ಮುಂದಿನ ವಿಷುವಿಗೆ ನಿಮ್ಮ ಸೀರೆ ಇಳಿಯಬಹುದು.

ಒಂದು ಕಾನೂನಿನ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಿಯ (ಜಿಐ) ನೋಂದಣಿ ಇದೆ. ಕಾಸರಗೋಡಿನಲ್ಲಿ ಕುಳಿತು ನೇಯ್ದ ಮಾತ್ರಕ್ಕೆ ಆ ಹೆಸರಿನ ಚೀಟಿ ಅಂಟಿಸಿ ಮಾರಲು ಬರುವುದಿಲ್ಲ. 1999ರ ಕಾಯಿದೆಯ ಪ್ರಕಾರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. 1938ರಲ್ಲಿ ಹುಟ್ಟಿದ ಕಾಸರಗೋಡು ನೇಕಾರರ ಸಹಕಾರ ಸಂಘ ಈ ಸೀರೆಯನ್ನು ಇಂದಿನವರೆಗೆ ಉಳಿಸಿಕೊಂಡು ಬಂದಿದೆ. ಆ ಹೆಸರಲ್ಲಿ ಮಾರುವ ಆಸೆ ಇದ್ದರೆ ಸಂಘದೊಂದಿಗೆ ಮಾತಾಡಿ, ಅವರ ಅಳತೆಗೆ ನೇಯಿರಿ. ಇಲ್ಲವಾದರೆ ನಿಮ್ಮ ಸ್ವಂತ ಸೀರೆ ಎಂದೇ ಮಾರಿ. ಎರಡೂ ಮರ್ಯಾದೆಯ ದಾರಿಗಳೇ.

ವಾರಕ್ಕೆ ಎರಡು ದಿನದ ಪಾಠಕ್ಕೆ ಒಪ್ಪಬೇಡಿ, ಕನಿಷ್ಠ ಮೊದಲ ವರ್ಷ. ಎರಡು ದಿನ ಎಂಬುದು ಕಾಗದದ ಮೇಲೆ ಮಾತ್ರ. ಹೋಗುವ ಹಿಂದಿನ ಸಂಜೆ ಮಾದರಿ ಹೊಂದಿಸಬೇಕು, ಬಂದ ಮರುದಿನ ಯಾರದೋ ಹಾಸು ಸಿಕ್ಕಾಗಿದೆ ಎಂದು ಫೋನು ಬರುತ್ತದೆ, ವಾರದಲ್ಲಿ ನಿಮಗೆಂದು ಉಳಿಯುವುದು ಎರಡು ದಿನ. ಹಣದ ಅಡಚಣೆ ಇದ್ದರೆ ಮಾತು ಬೇರೆ. ಆಗ ಒಪ್ಪಿಕೊಳ್ಳಿ, ಸೀರೆಯನ್ನು ಎರಡು ವರ್ಷ ಮುಂದೆ ಹಾಕಿ. ಗಡಿಯಾಚೆ ದಕ್ಷಿಣ ಕನ್ನಡದಲ್ಲಾಗಿದ್ದರೆ ನಿಮಗೆ 60ರವರೆಗೆ ಬಿಡುಗಡೆಯಿರಲಿಲ್ಲ. ಹಳೆಯ ಪಿಂಚಣಿಯ ಕೇರಳದ ನೌಕರರಿಗೆ 56ಕ್ಕೇ ಬಾಗಿಲು ತೆರೆಯುವುದನ್ನು ಎಲ್ಲರೂ ಶಪಿಸುತ್ತಾರೆ. ನೇಯುವವರಿಗೆ ಮಾತ್ರ ಅದು ಲಾಭ. ಆ ನಾಲ್ಕು ವರ್ಷಗಳನ್ನು ಅದೇ ಕೇಂದ್ರಕ್ಕೆ ಮರಳಿ ಕೊಟ್ಟು ಬರುವುದೇಕೆ? ಮನೆಗೆ ಕಲಿಯಲು ಬರುತ್ತೇವೆ ಎನ್ನುವವರಿಗೂ ಇದೇ ಉತ್ತರ. ನೀವು ನೇಯುತ್ತಿರುವಾಗ ಬಂದು ನೋಡಬಹುದು, ಪ್ರಶ್ನೆಗಳನ್ನು ಬೈರಾಸು ಮುಗಿದ ಮೇಲೆ ಕೇಳಲಿ.

ಮಾರಾಟದ ಬಗ್ಗೆ ಎಲ್ಲರೂ ಕೇಳುವುದು ಎಲ್ಲಿ ಮಾರುವುದು ಎಂದು. ನನಗೆ ಎಷ್ಟಕ್ಕೆ ಎಂಬುದು ಮುಖ್ಯ. 1985ರ ಕಾಯಿದೆ ಸೀರೆ, ಟವೆಲ್, ಲುಂಗಿ ಸೇರಿ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿದ್ದರೂ ಪೇಟೆಯ ರಾಶಿಯಲ್ಲಿ ವಿದ್ಯುತ್ ಮಗ್ಗದ ಟವೆಲುಗಳೇ ಹೆಚ್ಚು. ಆ ಬೆಲೆಯೊಂದಿಗೆ ಸ್ಪರ್ಧೆಗಿಳಿಯಬೇಡಿ, ಗೆಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದು ನಿವೃತ್ತರು ಸಾಮಾನ್ಯವಾಗಿ ಮಾಡುವ ಉಪಕಾರ: ‘ನನಗೆ ಪಿಂಚಣಿ ಇದೆ, ನೂಲಿನ ಬೆಲೆ ಬಂದರೆ ಸಾಕು’ ಎಂದು ಕೊಟ್ಟುಬಿಡುವುದು. ತುಂಡಿಗಿಷ್ಟು ಎಂದು ಕೂಲಿ ಪಡೆದು ಸಂಸಾರ ನಡೆಸುವ ನಿಮ್ಮದೇ ವಿದ್ಯಾರ್ಥಿನಿಯ ಬೈರಾಸಿಗೆ ಮರುದಿನ ಗಿರಾಕಿ ಅದೇ ಬೆಲೆ ಕೇಳುತ್ತಾನೆ. ನೂಲಿನ ಬೆಲೆ, ಜೊತೆಗೆ ಹಾಸು ಹೂಡುವುದರಿಂದ ಗೊಂಡೆ ಕಟ್ಟುವವರೆಗಿನ ಒಟ್ಟು ಗಂಟೆಗಳನ್ನು ಬೈರಾಸುಗಳಿಗೆ ಹಂಚಿ, ಗಂಟೆಗೆ ನಿಮ್ಮ ಊರಿನ ದಿನಗೂಲಿಯ ಎಂಟನೆಯ ಒಂದು ಪಾಲು. ಬರುವ ಮೊತ್ತ ನಿಮಗೇ ಜಾಸ್ತಿ ಅನ್ನಿಸುತ್ತದೆ. ಕಡಿಮೆ ಮಾಡಬೇಡಿ. ಮಾರಾಟವಾಗದಿದ್ದರೆ ಮದುವೆ ಮನೆಗೆ ಉಡುಗೊರೆ ಕೊಡಿ, ಅಗ್ಗಕ್ಕೆ ಮಾತ್ರ ಕೊಡಬೇಡಿ. ಗೆರೆ ಬಿದ್ದ ಮೊದಲ ಹಾಸಿನವನ್ನು ಮಾರುವುದೇ ಬೇಡ, ಮನೆಯಲ್ಲಿ ಮೈ ಒರೆಸಲು ಆಗುತ್ತವೆ.

ನಿವೃತ್ತಿಗೆ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ದಾಖಲೆಗಳಲ್ಲಿ ನೀವು ಇಷ್ಟು ಕಾಲ ನೌಕರರು, ನೇಕಾರರಲ್ಲ. ಕೇಂದ್ರ ಸರಕಾರದ ಕಚ್ಚಾವಸ್ತು ಯೋಜನೆಯಲ್ಲಿ ಹತ್ತಿಯ ಲಡಿ ನೂಲಿಗೆ ಶೇಕಡಾ 15ರ ರಿಯಾಯಿತಿ ಸಿಗುವುದು ನೇಕಾರರಿಗೆ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ನೇಕಾರರ ಗುರುತಿನ ಚೀಟಿಗೆ ಏನೇನು ಬೇಕು ಎಂದು ಈಗಲೇ ಕೇಳಿಕೊಳ್ಳಿ. ಮಗ್ಗ ಮನೆಯಲ್ಲಿ ನಿಂತಿರುವುದನ್ನು ಬಂದು ನೋಡಬೇಕು ಎಂದಾರು, ಆದ್ದರಿಂದ ಮಗ್ಗ ಮೊದಲು, ಅರ್ಜಿ ಆಮೇಲೆ. ಡಾಬಿ ಕೂರಿಸುವಾಗ ತೊಡಕಾದರೆ ಕಣ್ಣೂರಿನ ನೇಕಾರರ ಸೇವಾ ಕೇಂದ್ರದವರನ್ನು ವಿಚಾರಿಸಿ. ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಮೊದಲ ಹಾಸು ಇಳಿದ ಮೇಲೆ ಬರೆಯಿರಿ. ಹಣಿಗೆಯ ನಂಬರು, ನೂಲಿನ ನಂಬರು, ಹನ್ನೆರಡರಲ್ಲೂ ಎಷ್ಟೆಷ್ಟು ಗೆರೆ ಎಂಬುದನ್ನು ತಿಳಿಸಿ.